ಗೆರೆಯ ಮೇಲಿದ್ದರೆ ಔಟ್

ಸಾತನೂರಿನಲ್ಲಿ ಭಾನುವಾರ ಚಿಕ್ಕ ಹುಡುಗರ ಟೆನ್ನಿಸ್ ಬಾಲ್ ಮ್ಯಾಚಿಗೆ ಎರಡು ವರ್ಷದಿಂದ ನಾನೇ ಅಂಪೈರ್. ಸಂಬಳವಿಲ್ಲ, ಬೈಗುಳ ಮಾತ್ರ ಧಾರಾಳ. ನಮ್ಮಲ್ಲಿ ಎಲ್‌ಬಿಡಬ್ಲ್ಯೂ ಇಲ್ಲ. ಜಗಳವೆಲ್ಲ ವೈಡ್ ಮತ್ತು ರನೌಟಿನದೇ.

ರನೌಟಿನ ನಿಯಮ ಸರಳ: ಬ್ಯಾಟು ಗೆರೆ ದಾಟಿ ನೆಲ ಮುಟ್ಟಿರಬೇಕು. ಗೆರೆಯ ಮೇಲಷ್ಟೇ ಇದ್ದರೆ ಔಟ್. 1992ರಲ್ಲಿ ಡರ್ಬನ್‌ನಲ್ಲಿ ಸಚಿನ್ ತೆಂಡೂಲ್ಕರ್ ರನೌಟಾದದ್ದನ್ನು ಟಿವಿ ನೋಡಿ ತೀರ್ಮಾನಿಸಿದರು. ಥರ್ಡ್ ಅಂಪೈರ್ ಕೊಟ್ಟ ಮೊದಲ ಔಟ್ ಅದು. ನಮ್ಮಲ್ಲಿರುವುದು ಕಾಲಿನಲ್ಲಿ ಗೀಚಿದ ಗೆರೆ ಮತ್ತು ನನ್ನ ಎರಡು ಕಣ್ಣು.

ಕಳೆದ ತಿಂಗಳು ಕೊನೆಯ ಓವರಿನಲ್ಲಿ ಚಾಚಾನ ಮಗನ ಬ್ಯಾಟು ಗೆರೆಯ ಮೇಲೇ ಇತ್ತು. ಬೆರಳೆತ್ತಿದೆ. ಅವನು "ಭಾಯ್, ಭಾಯ್" ಎಂದು ಉರ್ದುವಿನಲ್ಲಿ ಗೋಗರೆದ. ಎದುರು ತಂಡದ ಹುಡುಗರು ನನ್ನ ಮುಖವನ್ನೇ ನೋಡುತ್ತಿದ್ದರು. ಉರ್ದುವಿನಲ್ಲಿ ಉತ್ತರಿಸಿದ್ದರೆ ಏನೋ ಒಳಒಪ್ಪಂದ ಎಂದುಕೊಳ್ಳುತ್ತಿದ್ದರು. "ಬ್ಯಾಟು ಗೆರೆ ಮೇಲಿತ್ತು, ಔಟ್" ಎಂದು ಕನ್ನಡದಲ್ಲೇ ಜೋರಾಗಿ ಹೇಳಿದೆ. ಅವರ ತಂಡ ಸೋತಿತು. ಮೂರು ದಿನ ಅವನು ನನ್ನೊಡನೆ ಮಾತಾಡಲಿಲ್ಲ.

ಆಡಿಟರ್ ಆದವನಿಗೆ ಆ ಕಂಪನಿಯಲ್ಲಿ ಸ್ವಂತ ಲಾಭ ಇರಬಾರದು ಎಂದು ನಾವು ಕಾಮರ್ಸ್‌ನವರು ಓದುತ್ತೇವೆ. ಊರಿನ ಮೈದಾನದಲ್ಲಿ ಎಲ್ಲರೂ ಯಾರಿಗಾದರೂ ಬೇಕಾದವರೇ. ಅಲ್ಲಿ ತೀರ್ಪಿನ ಕಾರಣವನ್ನು ಎಲ್ಲರಿಗೂ ಅರ್ಥವಾಗುವ ಮಾತಿನಲ್ಲಿ ಹೇಳಿಬಿಡುವುದೇ ದಾರಿ. ಮುಂದಿನ ಭಾನುವಾರ ನನ್ನನ್ನು ಕರೆಯಲು ಬಂದವರು ಎದುರು ತಂಡದವರೇ.