ಶ್ವಾನಗಾಂಭೀರ್ಯ

ವೀಣಾವಾದನ, ಚದುರಂಗ, ಹೂದೋಟದ ಆರೈಕೆ ಮೊದಲಾದ ಸಭ್ಯ ವಿನೋದಗಳ ಸಾಲಿನಲ್ಲಿ ನಾಯಿ ಸಾಕುವುದನ್ನು ನಮ್ಮ ಹಿರಿಯರು ಏಕೆ ಸೇರಿಸಲಿಲ್ಲವೋ ನಾನರಿಯೆ. ವೀಣೆಗೆ ಗುರು ಬೇಕು, ಚದುರಂಗಕ್ಕೆ ಎದುರಾಳಿ ಬೇಕು, ಹೂದೋಟಕ್ಕೆ ನೀರು ಬೇಕು. ನಮ್ಮ ವಿಜಯಪುರ ಜಿಲ್ಲೆಯಲ್ಲಿ ಈ ಮೂರನೆಯದೇ ಎಲ್ಲಕ್ಕಿಂತ ದುರ್ಲಭ. ನಾಯಿಗಾದರೋ ದಿನಕ್ಕೆ ನಾಲ್ಕು ಜೋಳದ ರೊಟ್ಟಿ, ಮಲಗಲು ಒಂದು ಹಳೆಯ ಕೌದಿ, ತನ್ನನ್ನು ನೋಡುತ್ತ ಸುಮ್ಮನೆ ಕುಳಿತಿರಬಲ್ಲ ಒಬ್ಬ ಸೋಮಾರಿ, ಇಷ್ಟಿದ್ದರೆ ಸಾಕು. ಕಡೆಯ ಅರ್ಹತೆಯು ನನಗೆ ಜನ್ಮತಃ ಸಿದ್ಧಿಸಿದ್ದುದರಿಂದಲೂ, ಅಧ್ಯಾಪಕ ವೃತ್ತಿಯು ವರ್ಗಾವಣೆಯ ನೆವದಿಂದ ನನ್ನನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕ್ರಮವಾಗಿ ಇಳಿಸುತ್ತ ಬಂದುದರಿಂದಲೂ, ಇಳಿದೆಡೆಯಲ್ಲೆಲ್ಲ ಒಂದೊಂದು ನಾಯಿ ನನ್ನ ಮನೆಯನ್ನು ಸೇರಿದುದರಿಂದಲೂ, ಈ ವಿನೋದದ ಪರವಾಗಿ ನಾಲ್ಕು ಮಾತನಾಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಕೋತಿಯು ನಮ್ಮನ್ನು ನಗಿಸುವುದು ತನ್ನ ಚೇಷ್ಟೆಯಿಂದ. ಗಿಳಿಯು ನಗಿಸುವುದು ನಮ್ಮ ಅನುಕರಣದಿಂದ. ನಾಯಿಯು ನಗಿಸುವುದು ಕೇವಲ ತನ್ನ ಗಾಂಭೀರ್ಯದಿಂದ. ಅದಕ್ಕೆ ಹಾಸ್ಯವೆಂಬುದು ತಿಳಿಯದು. ಮಾಡುವ ಕೆಲಸವೆಲ್ಲವೂ ಅದರ ಪಾಲಿಗೆ ಪರಮ ಕರ್ತವ್ಯ. ಕರ್ತವ್ಯವಿಲ್ಲದ ಕಡೆ ಅದು ಒಂದನ್ನು ಕಲ್ಪಿಸಿಕೊಳ್ಳುವುದೇ ಹೊರತು ಸುಮ್ಮನಿರಲಾರದು. ಮಲಗುವುದನ್ನೇ ನೋಡಿರಿ. ಶಹಾಬಾದಿ ಕಲ್ಲು ಹಾಸಿದ ನಡುಮನೆಯಲ್ಲಿ, ಒಂದು ಗರಿಕೆಯ ಎಸಳೂ ಇಲ್ಲದ ನುಣುಪು ನೆಲದ ಮೇಲೆ, ಅದು ತಲೆ ತಗ್ಗಿಸಿ ಮೂರು ಸುತ್ತು ಸುತ್ತಿ, ಇಲ್ಲದ ಹುಲ್ಲನ್ನು ತುಳಿದು ಹಾಸಿಗೆ ಮಾಡಿಕೊಂಡು, ಅನಂತರವೇ ನಿಟ್ಟುಸಿರಿನೊಡನೆ ಒರಗುತ್ತದೆ. ತೋಳದ ಕುಲದಿಂದ ಅಗಲಿ ಮನುಷ್ಯನ ಒಲೆಯ ಬಳಿಗೆ ಬಂದು ಹದಿನೈದು ಸಾವಿರ ವರುಷಗಳಿಗೂ ಮಿಗಿಲಾದರೂ, ಕಾಡಿನಲ್ಲಿ ಮುತ್ತಜ್ಜ ಮಾಡುತ್ತಿದ್ದ ಶಯನವಿಧಿಯನ್ನು ಅದು ಲೋಪವಿಲ್ಲದೆ ನಡೆಸಿಕೊಂಡು ಬಂದಿದೆ. ಸಂಧ್ಯಾವಂದನೆಯನ್ನು ಎರಡೇ ತಲೆಮಾರುಗಳಲ್ಲಿ ಮರೆತ ನಾವು ಅದನ್ನು ನೋಡಿ ನಗುತ್ತೇವೆ.

ಇಂಡಿಯಲ್ಲಿ ನನ್ನ ಮನೆಗೆ ಬಂದುದು ಮುಧೋಳದ ಬೇಟೆನಾಯಿಯ ಕುನ್ನಿ. ಕೃಷ್ಣೆಯ ಆಚೆಗಿರುವ ಮುಧೋಳವು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ, 1997ರವರೆಗೆ ನಾವೆಲ್ಲರೂ ಒಂದೇ ಜಿಲ್ಲೆಯವರು. ಆದುದರಿಂದ ಆ ನಾಯಿಯ ಕುಲಗೌರವದಲ್ಲಿ ನನಗೂ ಒಂದು ಪಾಲುಂಟೆಂದು ನಾನು ತಿಳಿದಿದ್ದೆ. ಸಾಮಾನ್ಯವಾದ ಕುಲವೇ ಅದು? ಮುಧೋಳದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ಚಕ್ರವರ್ತಿಗೆ ಕಾಣಿಕೆಯಾಗಿ ಕೊಟ್ಟದ್ದು ಈ ತಳಿಯ ಮರಿಗಳನ್ನು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಚೀಟಿಯ ಮೇಲೆ ಅಚ್ಚೊತ್ತಿದ ದೇಶೀಯ ನಾಯಿಗಳಲ್ಲಿ ಇದೂ ಒಂದು. ಇದರ ವಂಶರಕ್ಷಣೆಗೆಂದೇ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಒಂದು ಕೇಂದ್ರವಿದೆ. ಇಂತಹ ಮಹಾವಂಶದ ಕುಡಿಗೆ ಒದಗಿದ ಸಂಕಟವೆಂದರೆ ಕುಲವೃತ್ತಿಯ ನಷ್ಟ. ಬಯಲಿನಲ್ಲಿ ಮೊಲವನ್ನು ಕಣ್ಣಿಟ್ಟು ಅಟ್ಟಿ ಹಿಡಿಯುವುದಕ್ಕಾಗಿಯೇ ವಿಧಾತನು ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ಕೋಲಿನಂತಹ ಕಾಲುಗಳನ್ನು ಕೊಟ್ಟು ಕಳುಹಿಸಿದನು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದು ಬೇಟೆಯನ್ನು ನಿಷೇಧಿಸಿತು. ದಾಯಾದಿಗಳಲ್ಲಿ ಕೆಲವರು 2016ರಲ್ಲಿ ಮೀರತ್ತಿಗೆ ಹೋಗಿ ಸೈನ್ಯದ ತರಬೇತಿಗೆ ಸೇರಿ ಸರಕಾರಿ ನೌಕರಿ ಹಿಡಿದರು. ನಮ್ಮವನು ಮಾತ್ರ ನಿಂಬೆಯ ತೋಟದಲ್ಲಿ ನಿರುದ್ಯೋಗಿಯಾಗಿ ಉಳಿದನು.

ಆದರೂ ಅವನು ಧೃತಿಗೆಡಲಿಲ್ಲ. ಚೈತ್ರದ ಬಿಸಿಗಾಳಿಗೆ ಯರಿ ಹೊಲದ ಮೇಲೆ ಹಾರಿಹೋಗುವ ಪ್ಲಾಸ್ಟಿಕ್ ಚೀಲವನ್ನು ಅವನು ಅಟ್ಟುತ್ತಿದ್ದ ವೈಖರಿಯನ್ನು ಕಂಡಿದ್ದರೆ ಐದನೆಯ ಜಾರ್ಜನೂ ಎದ್ದು ನಿಲ್ಲುತ್ತಿದ್ದನು. ಚೀಲವನ್ನು ಹಿಡಿದ ಮೇಲೆ, ಇದು ಮೊಲವಲ್ಲವೆಂಬ ಅರಿವು ಕ್ಷಣಕಾಲ ಅವನ ಮುಖದಲ್ಲಿ ಮೂಡಿದರೂ, ಆ ಅರಿವನ್ನು ಒಪ್ಪಿಕೊಳ್ಳುವುದು ಕುಲಮರ್ಯಾದೆಗೆ ಕುಂದೆಂದು ಬಗೆದು, ತಲೆಯೆತ್ತಿಕೊಂಡು ಅದನ್ನು ತಂದು ನನ್ನ ಪಾದದ ಬಳಿ ಇಡುತ್ತಿದ್ದನು. 2023ರಲ್ಲಿ ಭೌಗೋಳಿಕ ಮಾನ್ಯತೆಯನ್ನು ಪಡೆದ ಇಂಡಿಯ ಲಿಂಬೆಗೂ ಅವನಿಂದ ವಿಶೇಷ ಮಾನ್ಯತೆ ದೊರೆಯದಿರಲಿಲ್ಲ: ಪ್ರತಿ ಹಂಗಾಮಿನ ಮೊದಲ ಹಣ್ಣು ಉದುರಿದೊಡನೆ ಅದನ್ನು ಕಚ್ಚುವನು, ಮುಖವೆಲ್ಲ ಸುಕ್ಕುಗಟ್ಟುವಂತೆ ಬಾಯಿ ಹಿಂಡಿಕೊಳ್ಳುವನು, ಅನಂತರ ಮಾರುದೂರ ನಿಂತು ಆ ಹಣ್ಣಿಗೆ ಬಯ್ಯುವಂತೆ ಬೊಗಳುವನು.

ಈ ರಾಜವಂಶೀಯನಿಂದ ನನಗೆ ದೊರೆತುದು ಮಾತ್ರ ಅಪಕೀರ್ತಿ. ಎರಡಡಿಗೂ ಮೀರಿದ ಎತ್ತರ, 28 ಕೆ.ಜಿ.ಯನ್ನು ದಾಟದ ತೂಕ, ಎಣಿಸಬಹುದಾದ ಪಕ್ಕೆಲುಬುಗಳು. ಇವು ತಳಿಯ ಲಕ್ಷಣಗಳೆಂದು ಬಲ್ಲವರು ಬಲ್ಲರು, ಓಣಿಯವರು ಬಲ್ಲರೆ? ಒಂದು ದಿನ ನೆರೆಮನೆಯ ಅವ್ವನವರು ಬಾಗಿಲಿಗೆ ಬಂದು, ಬಹು ಸಂಕೋಚದಿಂದ, “ಸರ್ರ, ತಪ್ಪ ತಿಳೀಬ್ಯಾಡ್ರಿ. ನಾಯಿಗಿ ಹೊಟ್ಟಿ ತುಂಬ ಹಾಕಾಕ ಆಗವಲ್ದಂದ್ರ ನಮ್ಮನಿಗರೆ ಕಳಸ್ರಿ” ಎಂದರು. ತಳಿಶಾಸ್ತ್ರವನ್ನೆಲ್ಲ ನಾನು ವಿವರಿಸುತ್ತಿರುವಾಗ, ಒಂದು ತಂಬಿಗೆ ಹಾಲನ್ನು ಆಗಷ್ಟೇ ಬರಿದು ಮಾಡಿದ್ದ ಆ ಮಹಾನುಭಾವನು ನನ್ನ ಹಿಂದಿನಿಂದ ಮೆಲ್ಲನೆ ಬಂದು, ತನ್ನ ನೀಳವಾದ ಮುಖವನ್ನು ಮತ್ತಷ್ಟು ನೀಳವಾಗಿಸಿ, ಬರಗಾಲದ ಸಾಕ್ಷಿಯಂತೆ ನಿಂತನು. ಅಂದಿನಿಂದ ದಿನವೂ ಸಂಜೆ ಬೆಣ್ಣೆ ಸವರಿದ ರೊಟ್ಟಿಯೊಂದು ಗೋಡೆಯ ಆಚೆಯಿಂದ ಬರತೊಡಗಿತು. ಅವನು ಅದನ್ನು ಕಪ್ಪಕಾಣಿಕೆಯೆಂದೇ ಸ್ವೀಕರಿಸಿದನು.

ಸಿಂದಗಿಯ ನಾಯಿಗೆ ಕುಲಗೋತ್ರಗಳಿರಲಿಲ್ಲ, ತರ್ಕಶಾಸ್ತ್ರವಿತ್ತು. ಮನೆಯು ಹೆದ್ದಾರಿಗೆ ಹೊಂದಿಕೊಂಡಿದ್ದುದರಿಂದ, ಹಾದುಹೋಗುವ ಪ್ರತಿಯೊಂದು ಬಸ್ಸನ್ನೂ ಊರಿನ ಗಡಿಯವರೆಗೆ ಬೊಗಳುತ್ತ ಅಟ್ಟುವ ಹೊಣೆಯನ್ನು ಅದು ವಹಿಸಿಕೊಂಡಿತ್ತು. ವ್ಯರ್ಥ ಪ್ರಯಾಸವೆಂದು ನಾವು ಹೇಳಬಹುದು. ಅದರ ದೃಷ್ಟಿಯಿಂದ ಪರಿಶೀಲಿಸಿದರೆ ವಾದವು ಅಖಂಡನೀಯ. ಬಸ್ಸು ಬಂದಿತು, ತಾನು ಬೊಗಳಿದೆನು, ಬಸ್ಸು ಹೋಯಿತು. ವರುಷಗಟ್ಟಲೆ ನಡೆದ ಈ ಪ್ರಯೋಗದಲ್ಲಿ ಒಂದು ಬಸ್ಸಾದರೂ ಎದುರಿಸಿ ನಿಂತುದಿಲ್ಲ. ಪ್ರತಿ ವಿಜಯದ ಬಳಿಕ ಅದು ನಡುರಸ್ತೆಯಲ್ಲಿಯೇ ಹಿಂಗಾಲಿನಿಂದ ಧೂಳು ಕೆದರಿ, ಅವಸರವಿಲ್ಲದೆ ಮರಳುತ್ತಿತ್ತು. ಒಮ್ಮೆ ಮಾತ್ರ ಒಂದು ಬಸ್ಸು ಕೆಟ್ಟು ನಮ್ಮ ಮನೆಯ ಮುಂದೆಯೇ ನಿಂತುಬಿಟ್ಟಿತು. ಅದುವರೆಗೆ ಓಡಿಹೋಗುವ ವೈರಿಯನ್ನೇ ಕಂಡಿದ್ದ ವೀರನು ಗಾಲಿಯನ್ನು ಒಮ್ಮೆ ಮೂಸಿ, ಅತ್ತಿತ್ತ ನೋಡಿ, ಹಿತ್ತಲಿನಲ್ಲಿ ಏನೋ ಜರೂರು ಕಾರ್ಯ ನೆನಪಾದಂತೆ ಹೊರಟುಹೋದನು.

ಮುದ್ದೇಬಿಹಾಳದ ಕರಿಯನು ಧರ್ಮನಿಷ್ಠನು. ನಮ್ಮ ಮನೆಯ ಸಸ್ಯಾಹಾರವನ್ನು, ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆಗಳನ್ನು, ಅವನು ಗೊಣಗದೆ ಉಣ್ಣುತ್ತಿದ್ದನು. ಶುಕ್ರವಾರ ಮಾತ್ರ ಏನನ್ನೂ ಮುಟ್ಟುತ್ತಿರಲಿಲ್ಲ. ತಟ್ಟೆಯನ್ನು ಮುಂದಿಟ್ಟರೆ ಮುಖ ತಿರುಗಿಸಿ, ಕಣ್ಣುಗಳನ್ನು ಅರೆಮುಚ್ಚಿ ಕುಳಿತುಬಿಡುವನು. ಎಲ್ಲಮ್ಮನ ಒಕ್ಕಲಾದ ನಮ್ಮ ಆಯಿಗೆ ಇದನ್ನು ಕಂಡು ಕಣ್ಣು ತುಂಬಿಬಂತು. “ಹಿಂದಿನ ಜನ್ಮದಾಗ ಯಾವ ಜೋಗಪ್ಪ ಆಗಿದ್ದನೋ ಏನೋ, ಶುಕ್ರಾರ ಒಪ್ಪತ್ತು ಬಿಟ್ಟಿಲ್ಲ” ಎಂದು ಅವಳು ಬಂದವರಿಗೆಲ್ಲ ಹೇಳುವಳು. ಅವನ ಹಣೆಗೆ ಭಂಡಾರವನ್ನೂ ಹಚ್ಚುವಳು. ಒಂದು ಶುಕ್ರವಾರ ಮಧ್ಯಾಹ್ನ ಹಿಂದಿನ ಓಣಿಯಲ್ಲಿ ನಾನು ಹೋಗುತ್ತಿರಲು, ಮಸೀದಿಯಿಂದ ಆಗ ತಾನೇ ಮರಳಿದ್ದ ಹಿರಿಯರೊಬ್ಬರು ಅಂಗಳದಲ್ಲಿ ನಿಂತು “ಬಾರೋ ಶೇರೂ!” ಎಂದು ಕರೆಯುತ್ತಿದ್ದರು, ಬಿರಿಯಾನಿಯ ಪರಾತದಿಂದ ತಲೆಯೆತ್ತಿ ನನ್ನನ್ನು ನೋಡಿದವನ ಹಣೆಯ ಮೇಲೆ ಆಯಿಯ ಭಂಡಾರವು ಇನ್ನೂ ಹೊಳೆಯುತ್ತಿತ್ತು. ಅವನ ಮುಖದಲ್ಲಿ ಲಜ್ಜೆಯ ಲವಲೇಶವೂ ಇರಲಿಲ್ಲ. ಪರಿಚಯವೇ ಇಲ್ಲದವನಂತೆ ನನ್ನತ್ತ ಒಮ್ಮೆ ಗುರುಗುಟ್ಟಿದನು. ಆಯಿಗೆ ಈ ಸಂಗತಿಯನ್ನು ನಾನು ತಿಳಿಸಲಿಲ್ಲ. ಎರಡು ಮನೆಗಳ ಭಕ್ತಿಯನ್ನು ಸಮನಾಗಿ ಕಾಪಾಡಿಕೊಂಡು ಬಂದ ಜೀವವನ್ನು ಬಯಲಿಗೆಳೆಯುವುದರಿಂದ ಯಾರಿಗೆ ಏನು ಲಾಭ?

ಬಸವನ ಬಾಗೇವಾಡಿಗೆ ಬಂದೆವು. ಬಸವಣ್ಣನವರು ಹುಟ್ಟಿದ ಈ ನೆಲದಲ್ಲಿ ಎತ್ತಿಗೆ ಇರುವ ಮನ್ನಣೆ ಮತ್ತಾವ ಪ್ರಾಣಿಗೂ ಇಲ್ಲ. ಸೋಮವಾರ ಅದರ ಹೆಗಲಿಗೆ ನೊಗವಿಲ್ಲ. ಕಾರಹುಣ್ಣಿಮೆಯೆಂದು ಅದಕ್ಕೊಂದು ಹಬ್ಬ. ಮಣ್ಣೆತ್ತಿನ ಅಮಾವಾಸ್ಯೆಯೆಂದು ಮತ್ತೊಂದು. ನೇಪಾಳದಲ್ಲಿ ದೀಪಾವಳಿಯ ಒಂದು ದಿನ ನಾಯಿಯ ಕೊರಳಿಗೆ ಹೂಮಾಲೆ ಹಾಕಿ ತಿಲಕವಿಟ್ಟು ಉಣಿಸುವರಂತೆ. ನಮ್ಮ ಪಂಚಾಂಗದಲ್ಲಿ ಹಾವಿಗೂ ಪಂಚಮಿಯುಂಟು, ನಾಯಿಗಿಲ್ಲ. ಈ ಅನ್ಯಾಯವನ್ನು ನಮ್ಮ ಬೂದುಬಣ್ಣದ ನಾಯಿಯು ಕಾನೂನಿನ ಹಂಗಿಲ್ಲದೆ ತಾನೇ ಸರಿಪಡಿಸಿಕೊಂಡಿತು. ಸಮೀಪದ ಹಳ್ಳಿಯೊಂದರಲ್ಲಿ ಕಾರಹುಣ್ಣಿಮೆಯ ಸಂಜೆ ಕರಿ ಹರಿಯುವುದನ್ನು ನೋಡಲು ಹೋಗಿದ್ದೆವು. ಅಗಸಿಗೆ ಅಡ್ಡಲಾಗಿ ಬೇವಿನ ತಪ್ಪಲು, ಕೊಬ್ಬರಿ ಕಟ್ಟಿದ ಹಗ್ಗ. ಬಣ್ಣದ ಕೋಡು, ಗೊಂಡೆ, ಜೂಲುಗಳಿಂದ ಶೃಂಗರಿಸಿದ ಎತ್ತುಗಳು. ಬಿಳಿಯೆತ್ತು ಮುಂದಾದರೆ ಹಿಂಗಾರಿ, ಕೆಂದೆತ್ತು ಮುಂದಾದರೆ ಮುಂಗಾರಿ ಹುಲುಸೆಂಬ ನಂಬುಗೆಯಿಂದ ಉಸಿರು ಬಿಗಿಹಿಡಿದ ಜನಸ್ತೋಮ. ಹಲಗೆ ಬಡಿಯಿತು, ಎತ್ತುಗಳು ನುಗ್ಗಿದವು, ಮತ್ತು ಅವೆಲ್ಲವುಗಳಿಗೂ ಮುಂದಾಗಿ, ಬಾಲವನ್ನು ಧ್ವಜದಂತೆ ಎತ್ತಿಕೊಂಡು, ಹಗ್ಗದ ಕೆಳಗಿನಿಂದ ಪಾರಾದುದು ನಮ್ಮ ನಾಯಿ. ಹಗ್ಗವನ್ನು ಹರಿದವರು ಯಾರೆಂಬುದನ್ನು ಆಮೇಲೆ ಯಾರೂ ಕೇಳಲಿಲ್ಲ. ಕಟ್ಟೆಯ ಮೇಲಿದ್ದ ಮುತ್ಯಾ ಒಬ್ಬರು ಮೀಸೆಯನ್ನು ನೀವಿಕೊಂಡು ತೀರ್ಪು ಕೊಟ್ಟರು: “ಬಿಳೀದೂ ಅಲ್ಲ, ಕೆಂದೂ ಅಲ್ಲ. ಈ ಸಲದ ಬೆಳಿ ನಾಯಿಪಾಲಾತು ಬಿಡ್ರಪಾ!” ಆ ವರುಷ ಮಳೆಯು ಕೈಕೊಟ್ಟುದನ್ನು ಕೆಲವರು ಇಂದಿಗೂ ಮೋಡಗಳ ಲೆಕ್ಕಕ್ಕೆ ಬರೆಯದೆ ನನ್ನ ಲೆಕ್ಕಕ್ಕೆ ಬರೆಯುತ್ತಾರೆ.

ಮಹಾಪ್ರಸ್ಥಾನದಲ್ಲಿ ಧರ್ಮರಾಯನನ್ನು ಕಡೆಯವರೆಗೂ ಹಿಂಬಾಲಿಸಿದುದು ಒಂದು ನಾಯಿ. ಅದನ್ನು ಬಿಟ್ಟು ಇಂದ್ರನ ರಥವನ್ನು ಏರೆನೆಂದು ಅವನು ಹಟ ಹಿಡಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ಸ್ಥಾನದಲ್ಲಿ ನನ್ನ ನಾಲ್ವರಿದ್ದರೆ ಏನಾಗುತ್ತಿತ್ತೆಂದು ನಾನು ಎಷ್ಟೋ ಸಂಜೆ ಯೋಚಿಸಿದ್ದೇನೆ. ಸಿಂದಗಿಯದು ರಥವನ್ನು ಕಂಡ ಕೂಡಲೇ ಮೇರುವಿನ ತಪ್ಪಲಿನವರೆಗೆ ಅಟ್ಟಿ ಬರುತ್ತಿತ್ತು. ಇಂಡಿಯದು ಅಪ್ಸರೆಯರ ಮುಂದೆ ಮುಖವನ್ನು ನೀಳವಾಗಿಸಿ ನಿಂತು, ಚಕ್ರವರ್ತಿಯಾಗಿಯೂ ನಾಯಿಗೆ ಹೊಟ್ಟೆ ತುಂಬ ಹಾಕಲಾರದವನೆಂಬ ಅಪವಾದವನ್ನು ಧರ್ಮರಾಯನಿಗೆ ತರುತ್ತಿತ್ತು. ಬಾಗೇವಾಡಿಯದು ಅವನಿಗಿಂತ ಮೊದಲೇ ಬಾಗಿಲಲ್ಲಿ ನುಸುಳಿರುತ್ತಿತ್ತು. ಮುದ್ದೇಬಿಹಾಳದ ಕರಿಯನಿಗೆ ಒಳಗೆ ಮೊದಲೇ ಒಂದು ಮನೆಯೂ ಬೇರೊಂದು ಹೆಸರೂ ಇದ್ದಿರುತ್ತಿದ್ದವು. ಅಂದು ಬಂದುದು ನಿಜವಾದ ನಾಯಿಯಾಗಿರದೆ, ಮಾರುವೇಷದ ಧರ್ಮದೇವತೆಯಾಗಿದ್ದುದು ದೇವೇಂದ್ರನ ಭಾಗ್ಯ.