ಮಾರಿ ಊದಿದ ಹೊತ್ತಿನಲ್ಲಿ

'ನಿಮ್ಮ ಮನೆಯಲ್ಲಿ ದಿನಾ ಪ್ರಾರ್ಥನೆ ನಡೆಯುತ್ತದಲ್ಲ, ನಿಮಗೇನು, ಸಿಟ್ಟೇ ಬರಲಿಕ್ಕಿಲ್ಲ' ಎಂದು ಬಳಗದ ಸ್ನೇಹಿತರು ಆಗಾಗ ನಮ್ಮನ್ನು ಚೇಷ್ಟೆ ಮಾಡುವುದುಂಟು. ಗೋಡೆಗೆ ಗೋಡೆ ಅಂಟಿಕೊಂಡಿರುವ ನಮ್ಮ ನೆರೆಮನೆಯವರನ್ನು ಅವರು ಇನ್ನೂ ವಿಚಾರಿಸಿಲ್ಲ, ನಮ್ಮ ಪುಣ್ಯ. ಸಿಟ್ಟು ಜಾತಿ ಮತ ಕೇಳಿಕೊಂಡು ಮನೆಯೊಳಗೆ ಬರುವುದಿಲ್ಲ. ಬಂದ ಮೇಲೆ ಅದನ್ನು ಎಲ್ಲಿ ಕೂಡಿಸಬೇಕು ಎಂಬುದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಪದ್ಧತಿ. ನಮ್ಮ ಬಳಗದಲ್ಲಿ ಕ್ರೈಸ್ತರ ಮನೆಗಳು ಎರಡೋ ಮೂರೋ. ನಿಮ್ಮ ಪದ್ಧತಿಯನ್ನೂ ಒಮ್ಮೆ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರಿಂದ ನಾವು ಗಂಡ ಹೆಂಡತಿ ಇಬ್ಬರೂ ಕೂತು ಈ ನಾಲ್ಕು ಮಾತು ಬರೆದಿದ್ದೇವೆ.

ಇಲ್ಲಿ ಬೆಳೆದ ಮಕ್ಕಳು 'ಮೂಡ್ ಸರಿಯಿಲ್ಲ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಧಾರವಾಡದ ಕಡೆ ಅದರಲ್ಲಿ ಎಷ್ಟು ಬಗೆ! ಮಾರಿ ಊದಿಸಿಕೊಂಡು ಕೂಡುವುದು ಬೇರೆ, ಸಿಡಿಮಿಡಿಗುಟ್ಟುವುದು ಬೇರೆ, ಮಾತು ಬಿಡುವುದು ಬೇರೆ, ಪಾತ್ರೆ ಕುಕ್ಕುವುದು ಇನ್ನೂ ಬೇರೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಮನೆಯಲ್ಲಿ ಕೊತ್ತಿ ಇಲ್ಲ. ಆದ್ದರಿಂದ ಆಫೀಸಿನ ಮೇಲಿನ ಕೋಪ, ಮಳೆಯ ಮೇಲಿನ ಕೋಪ, ತಡವಾದ ಬಸ್ಸಿನ ಮೇಲಿನ ಕೋಪ ಎಲ್ಲವೂ ನೇರವಾಗಿ ಮನೆಯವರ ತಲೆಗೇ ಬರುತ್ತವೆ.

ಊರಿನ ಮನೆಯಲ್ಲಿ ಹನ್ನೆರಡು ಜನ ಇದ್ದೆವು. ಒಬ್ಬರಿಗೆ ಸಿಟ್ಟು ಬಂದರೆ ಹಿತ್ತಲಿಗೆ ಹೋಗಬಹುದು, ಕಟ್ಟೆಯ ಮೇಲೆ ಕೂತು ಎದುರು ಮನೆಯ ಅಜ್ಜಿಯ ಹತ್ತಿರ ಹೇಳಿಕೊಳ್ಳಬಹುದು. ಅಷ್ಟರಲ್ಲಿ ಯಾರೋ ಅತಿಥಿ ಬಂದು, ಚಹಾ ಇಡುವ ಗಡಿಬಿಡಿಯಲ್ಲಿ ಅರ್ಧ ಸಿಟ್ಟು ಕರಗಿ ಹೋಗುತ್ತಿತ್ತು. ಈ ಗ್ಲಾಸ್ಗೋದ ಮನೆಯಲ್ಲಿ ಹಿತ್ತಲೂ ಇಲ್ಲ, ಕಟ್ಟೆಯೂ ಇಲ್ಲ. ಚಳಿಗಾಲದಲ್ಲಿ ಕಿಟಕಿಗಳೆಲ್ಲ ಬಂದ್. ನಾಲ್ಕು ಜನರಲ್ಲಿ ಒಬ್ಬರು ಮುಖ ಗಂಟಿಕ್ಕಿದರೆ ಮನೆ ಪೂರ್ತಿ ಅದೇ ಹವೆ. ಪರದೇಶದಲ್ಲಿ ಸಂಸಾರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 4ನೆಯ ಅಧ್ಯಾಯ, 26ನೆಯ ವಚನದಲ್ಲಿ ಒಂದು ಬುದ್ಧಿಮಾತಿದೆ. ಕೋಪ ಬರಬಹುದು, ಆದರೆ ಅದು ಪಾಪಕ್ಕೆ ತಿರುಗಬಾರದು. ಹೊತ್ತು ಮುಳುಗುವುದರೊಳಗೆ ಅದನ್ನು ತೀರಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಕೋಪವೇ ಬರಬಾರದು ಎಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ನಮಗೆ ಅದೇ ದೊಡ್ಡ ಸಮಾಧಾನ. ತೊಂದರೆಯೆಂದರೆ, ಆ ಪತ್ರ ಬರೆದ ಕಡೆ ಸೂರ್ಯ ಸುಮಾರಾಗಿ ಆರೇಳು ಗಂಟೆಗೆ ಮುಳುಗುವವನು. ಇಲ್ಲಿ ಡಿಸೆಂಬರಿನಲ್ಲಿ ಮುಕ್ಕಾಲು ನಾಲ್ಕಕ್ಕೇ ಮುಳುಗಿರುತ್ತಾನೆ. ಸಿಟ್ಟು ಬರುವ ಮೊದಲೇ ಗಡುವು ಮುಗಿದು ಹೋಗಿರುತ್ತದೆ! ಜೂನ್ ತಿಂಗಳಲ್ಲಾದರೋ ರಾತ್ರಿ ಹತ್ತರವರೆಗೂ ಹಗಲು. ಬೇಕಾದಷ್ಟು ಹೊತ್ತು ಮುನಿಸಿಕೊಂಡಿರಲು ಅನುಮತಿ ಸಿಕ್ಕಂತೆ. ಯೆಹೂದ್ಯರ ಲೆಕ್ಕದಲ್ಲಿ ಸೂರ್ಯಾಸ್ತಕ್ಕೆ ಒಂದು ದಿನ ಮುಗಿದು ಮರುದಿನ ಆರಂಭವಾಗುತ್ತದೆ. ಇಂದಿನ ಬಾಕಿಯನ್ನು ನಾಳೆಯ ಪುಟಕ್ಕೆ ಬರೆಯಬೇಡಿ ಎಂದು ನಾವು ಅದರ ಅರ್ಥ ಮಾಡಿಕೊಂಡಿದ್ದೇವೆ. ನಮ್ಮ ಕನ್ನಡದಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಆ ಗಡುವೇ ಗ್ಲಾಸ್ಗೋಕ್ಕೆ ಹೆಚ್ಚು ಅನುಕೂಲ ಎಂದು ನಮ್ಮ ಅಭಿಪ್ರಾಯ.

ಉಂಡ ಮೇಲೆ, ಮಲಗುವ ಮೊದಲು ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದರು. ಅವರ ಸಭೆಗಳಲ್ಲಿ ಬೆಳೆದ ಮನೆತನಗಳಲ್ಲಿ ಇದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಒಂದು ಕೀರ್ತನೆ ಓದುವುದು, ಒಂದು ಹಾಡು, ಪ್ರಾರ್ಥನೆ, ಅಷ್ಟೆ. ಹದಿನೈದು ನಿಮಿಷ. ಮನೆಯಲ್ಲಿ ಯಾರಾದರೂ ಇಬ್ಬರು ಮಾತು ಬಿಟ್ಟಿದ್ದರೆ ಪುಸ್ತಕ ತೆರೆಯುವುದಿಲ್ಲ ಎಂಬ ನಿಯಮ ಒಂದಿದೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ, ಕಾಣಿಕೆ ಕೊಡಲು ಹೋದವನು ಅದನ್ನು ಅಲ್ಲೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗಿ ಬರಬೇಕೆಂದು ಯೇಸು ಹೇಳಿದ್ದಾನೆ. ಆ ಮಾತಿನಿಂದ ಬಂದ ನಿಯಮ ಇದು. ದೊಡ್ಡ ಕ್ಷಮಾಪಣೆ ಏನೂ ಬೇಡ. 'ಕನ್ನಡಕ ಕೊಡು' ಎಂದು ಒಬ್ಬರು ಕೇಳಿ ಇನ್ನೊಬ್ಬರು ಕೊಟ್ಟರೂ ಸಾಕು. ಎಷ್ಟೋ ಸಲ ಪುಸ್ತಕ ಮೇಜಿನ ಮೇಲೆ ಮುಚ್ಚಿಕೊಂಡೇ ಅರ್ಧ ಗಂಟೆ ಬಿದ್ದಿರುತ್ತದೆ. ಹುಡುಗರಿಗೆ ನಿದ್ದೆ. ಕೊನೆಗೆ ಯಾರೋ ನಕ್ಕುಬಿಡುತ್ತಾರೆ.

ಮಕ್ಕಳ ಮಾತು ಬಂದಿದ್ದರಿಂದ ಇದೊಂದನ್ನು ಹೇಳಿಬಿಡುತ್ತೇವೆ. ತಂದೆತಾಯಿಗಳ ಮಾತು ಕೇಳಿ ಎಂದು ಮಕ್ಕಳಿಗೆ ಹೇಳುವ ವಚನವನ್ನು ನಮ್ಮ ಬಾಲ್ಯದ ಉಪದೇಶಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅದರ ಬೆನ್ನಿಗೇ, ತಂದೆಗಳು ಮಕ್ಕಳನ್ನು ಕೆಣಕಿ ಅವರ ಮನಸ್ಸು ಕುಂದಿಸಬಾರದು ಎಂದಿದೆ. ಅದನ್ನು ಮಾತ್ರ ಮೆಲ್ಲನೆ ಓದಿ ಮುಗಿಸುತ್ತಿದ್ದರು. ನಮ್ಮ ಮಗಳು ಆ ವಚನವನ್ನು ಹುಡುಕಿ ಗುರುತು ಹಾಕಿ ಇಟ್ಟುಕೊಂಡಿದ್ದಾಳೆ. ಸಮಯ ಬಂದಾಗ ತೋರಿಸುತ್ತಾಳೆ.

ಈಗ ಮುಖ್ಯ ವಿಷಯ. ಅಮ್ಮ ನಮ್ಮೊಡನೆ ಇದ್ದಾರೆ. ಕೆಲವು ವರ್ಷಗಳಿಂದ ಅವರ ನೆನಪು ಹೋಗುತ್ತಿದೆ. ಡಿಮೆನ್ಶಿಯಾ ಎಂದು ಡಾಕ್ಟರು ಹೇಳಿದ್ದಾರೆ. ದಿನಕ್ಕೆ ಇಪ್ಪತ್ತು ಸಲ 'ಹುಬ್ಬಳ್ಳಿಯಿಂದ ಪತ್ರ ಬಂತೇನ?' ಎಂದು ಕೇಳುತ್ತಾರೆ. ಪತ್ರ ಬರೆಯುತ್ತಿದ್ದ ಸೋದರಮಾವ ತೀರಿಕೊಂಡು ಬಹಳ ವರ್ಷವಾಯಿತು. ಮೊದಲ ಸಲ ಕೇಳಿದಾಗ ಕರುಳು ಚುರುಕ್ ಎನ್ನುತ್ತದೆ. ಹತ್ತನೆಯ ಸಲ ಕೇಳಿದಾಗ ಉತ್ತರ ಚಿಕ್ಕದಾಗುತ್ತದೆ. ಹದಿನೈದನೆಯ ಸಲಕ್ಕೆ ಗಂಟಲಲ್ಲಿ ಏನೋ ಬಿಸಿ ಏರುತ್ತದೆ. ಗಂಡ ಹೆಂಡಿರ ಸಿಟ್ಟಿಗೆ ಎದುರು ಉತ್ತರವುಂಟು, ರಾಜಿಯೂ ಉಂಟು. ಯಾವ ತಪ್ಪೂ ಮಾಡದವರ ಮೇಲೆ, ಐದು ನಿಮಿಷದಲ್ಲಿ ಮರೆತುಬಿಡುವವರ ಮೇಲೆ ಬರುವ ಸಿಟ್ಟಿಗೆ ಯಾರೊಡನೆ ರಾಜಿ ಮಾಡಿಕೊಳ್ಳುವುದು?

ಇಂಥ ಹೊತ್ತಿನಲ್ಲಿ ನಮಗೆ ಉಪಯೋಗಕ್ಕೆ ಬಂದದ್ದು ಕೀರ್ತನೆಗಳ ಪುಸ್ತಕ. ಅದರಲ್ಲಿ ಸ್ತುತಿಯೇ ತುಂಬಿದೆ ಎಂದು ಹೊರಗಿನವರು ತಿಳಿಯುತ್ತಾರೆ. 150 ಕೀರ್ತನೆಗಳಲ್ಲಿ ದೂರು, ಗೋಳು, ಇನ್ನೆಷ್ಟು ದಿನ ಎಂಬ ಜಗಳ ಬೇಕಾದಷ್ಟಿವೆ. 88ನೆಯದಂತೂ ಕತ್ತಲಲ್ಲೇ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ದೇವರ ಮುಂದೆ ಹೀಗೆಲ್ಲ ಕೂಗಾಡಲು ಅಪ್ಪಣೆ ಇದೆ ಎಂದ ಮೇಲೆ, ಅಮ್ಮನ ಮುಂದೆ ಕೂಗುವ ಬದಲು ಮೆಟ್ಟಿಲ ಕೆಳಗೆ ಕೋಟು ತೂಗುಹಾಕುವ ಜಾಗದಲ್ಲಿ ನಿಂತು ಅಲ್ಲಿಗೇ ಒಪ್ಪಿಸಿ ಬರುತ್ತೇವೆ. ಸೊಗಸಾದ ಪ್ರಾರ್ಥನೆಯೇನಲ್ಲ. 'ಸಾಕಾಗಿದೆ ಸ್ವಾಮಿ' ಎಂಬಷ್ಟೇ.

ಪ್ರವಾದಿ ಎಲೀಯನೂ ಹೀಗೇ ಸಾಕಾಗಿದೆ ಎಂದವನು. ಒಂದನೆಯ ಅರಸುಗಳ ಗ್ರಂಥದ 19ನೆಯ ಅಧ್ಯಾಯ. ರಾಣಿ ಈಜೆಬೆಲಳಿಗೆ ಹೆದರಿ ಮರುಭೂಮಿಗೆ ಓಡಿ, ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವು ಬೇಡಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟ. ಎಲೀಯ ಉಂಡು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಉಣ್ಣಿಸಿದ. ದೇವರ ಮಾತು ಕಥೆ ಶುರುವಾದದ್ದು ಆಮೇಲೆ. ಈ ಕ್ರಮ ನಮಗೆ ಬಹಳ ಹಿಡಿಸಿದೆ. ಒಬ್ಬರ ದನಿ ಏರಿತೆಂದರೆ ಇನ್ನೊಬ್ಬರು 'ನೀನು ಊಟ ಮಾಡಿದೆಯಾ, ರಾತ್ರಿ ನಿದ್ದೆ ಬಂತಾ' ಎಂದು ಕೇಳುತ್ತಾರೆ. ಅಮ್ಮ ರಾತ್ರಿ ಮೂರು ಸಲ ಎದ್ದಿರುತ್ತಾರೆ, ಆದ್ದರಿಂದ ಉತ್ತರ ಸಾಮಾನ್ಯವಾಗಿ ಗೊತ್ತಿದ್ದದ್ದೇ. ವಾರದಲ್ಲಿ ಎರಡು ರಾತ್ರಿ ಒಬ್ಬರು, ಎರಡು ರಾತ್ರಿ ಇನ್ನೊಬ್ಬರು, ಉಳಿದವು ಹುಡುಗರು ಎಂದು ಪಾಳಿ ಹಾಕಿಕೊಂಡಿದ್ದೇವೆ.

ಭಕ್ತಿಯಿಂದ ಎಲ್ಲ ಮೂಡೂ ಸರಿಹೋಗುತ್ತದೆ ಎಂದು ಹೇಳುವವರನ್ನು ಕಂಡರೆ ನಮಗೆ ಸ್ವಲ್ಪ ಭಯ. ವಾರಗಟ್ಟಲೆ ಮನಸ್ಸು ಮೇಲೇಳದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಅದರಿಂದ ನಂಬಿಕೆಗೆ ಕೊರತೆಯಿಲ್ಲ. ಏಳೆಪ್ಪತ್ತು ಸಲ ಕ್ಷಮಿಸು ಎಂಬ ಮಾತನ್ನು ಹೊಡೆಯುವ ಗಂಡನ ಹೆಂಡತಿಗೆ ಹೇಳಿ ಕಳಿಸುವುದು ಬೈಬಲಿಗೇ ಮಾಡುವ ಅನ್ಯಾಯ. ಅಲ್ಲಿ ಬೇಕಾದದ್ದು ಪೊಲೀಸರು.

ಅಮ್ಮನಿಗೆ ಈಗ ನಮ್ಮ ಹೆಸರುಗಳು ಕಲಸಿಹೋಗಿವೆ. ಮಗನನ್ನು ತಮ್ಮ ಎನ್ನುತ್ತಾರೆ. ಆದರೆ ರಾತ್ರಿ ಕರ್ತನ ಪ್ರಾರ್ಥನೆ ಶುರು ಮಾಡಿದರೆ ಬಾಲ್ಯದಲ್ಲಿ ಕಲಿತ ಕನ್ನಡದಲ್ಲಿ ಒಂದಕ್ಷರ ತಪ್ಪದೆ ಹೇಳುತ್ತಾರೆ. ನಾವು ಇತರರನ್ನು ಕ್ಷಮಿಸಿದಂತೆ ನಮ್ಮನ್ನು ಕ್ಷಮಿಸು ಎಂದು ಬೇಡುವ ಭಾಗಕ್ಕೆ ಬಂದಾಗ ಅವರ ದನಿಯೇ ಎಲ್ಲರಿಗಿಂತ ಗಟ್ಟಿ. ಆಮೆನ್ ಆದ ಮೇಲೆ ಕಣ್ಣು ತೆರೆದು ಪತ್ರ ಬಂತೇನ ಎನ್ನುತ್ತಾರೆ. ಈಚೆಗೆ ನಮ್ಮ ಮಗಳು ಸೋದರಮಾವನ ಹಳೆಯ ಪತ್ರಗಳನ್ನು ಪೆಟ್ಟಿಗೆಯಿಂದ ತೆಗೆದು, ದಿನಕ್ಕೊಂದರಂತೆ ಓದಿ ಹೇಳುತ್ತಿದ್ದಾಳೆ. ಅವಳ ಕನ್ನಡ ಓದು ನಿಧಾನ. ಅಮ್ಮನಿಗೆ ಅವಸರವಿಲ್ಲ.