ಬದುವಿನ ಲೆಕ್ಕ

ನಮ್ಮ ಜಿಡಗಾದ ಕಡೆ ‘ಕ್ಷಮೆ’ ಎಂಬ ಮಾತು ಪುಸ್ತಕದಲ್ಲೇ ಉಳಿದಿದೆ. ಜನರ ಬಾಯಲ್ಲಿರುವುದು ‘ಮಾಫ್’. 2008ರಲ್ಲಿ ಕೇಂದ್ರ ಸರ್ಕಾರ, 2018ರಲ್ಲಿ ರಾಜ್ಯ ಸರ್ಕಾರ ರೈತರ ಸಾಲ ಮನ್ನಾ ಮಾಡಿದಾಗ ಕಟ್ಟೆಯ ಮೇಲೆ ಕೂತವರು ಕೇಳಿದ್ದೂ ಅದನ್ನೇ: “ನಿಂದೆಷ್ಟು ಮಾಫ್ ಆಯ್ತೋ ತಮ್ಮಾ?” ತಪ್ಪಿಗೂ ಸಾಲಕ್ಕೂ ಒಂದೇ ಮಾತು.

ಈ ಎರಡನ್ನೂ ಹೀಗೆ ಒಂದಾಗಿ ನೋಡಿದ ಪುಸ್ತಕ ನನಗೆ ಸಿಕ್ಕಿದ್ದು ಬೀದರಿನಲ್ಲಿ ಮಾಸ್ತರಿಕೆ ಮಾಡುವಾಗ. ಅಲ್ಲಿಯ ಮೆಥೋಡಿಸ್ಟ್ ಸಭೆಗೆ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರು ಕನ್ನಡದ ಹೊಸ ಒಡಂಬಡಿಕೆ ಕೊಟ್ಟರು. ನವಕಲ್ಯಾಣ ಮಠದ ಊರಿನವನು ನಾನು. ವಿಭೂತಿ ಹಚ್ಚಿಕೊಂಡೇ ಓದಿದೆ. ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ ಕ್ಷಮೆ ಬೇಡುವ ಮಾತಿದೆಯಲ್ಲ, ಮತ್ತಾಯನ ಸುವಾರ್ತೆಯ ಮೂಲ ಗ್ರೀಕಿನಲ್ಲಿ ಅಲ್ಲಿರುವ ಪದಕ್ಕೆ ‘ಸಾಲ’ ಎಂದೇ ಅರ್ಥವಂತೆ. ಇದು ನಮ್ಮೂರ ಭಾಷೆಯೇ ಆಯಿತಲ್ಲ ಎನ್ನಿಸಿತು.

ಓದುವುದೇನೋ ಸುಲಭ. ಆದರೆ ನಮಗೆ ಬದುವಿನ ತಂಟೆಯಿತ್ತು. ಮಗ್ಗುಲ ಹೊಲದವರು ವರ್ಷಕ್ಕಿಷ್ಟು ಬದು ಒಡೆದು ಒಳಗೆ ಬಂದರು. ಕೇಳಲು ಹೋದ ಅಪ್ಪ ನಾಲ್ಕು ಜನರೆದುರು ಬೈಸಿಕೊಂಡು ಬಂದರು. ಎರಡು ಮನೆಗಳಿಗೆ ಮಾತು ನಿಂತಿತು. ಅಪ್ಪನ ಮಣ್ಣಿಗೂ ಅವರು ಬರಲಿಲ್ಲ. ಮುಂದೆ ಮೋಜಣಿ ಮಾಡಿಸಿ ಬಾಂದುಕಲ್ಲು ಹಾಕಿಸಿದೆವು. ನೆಲ ಬಂತು, ಮಾತು ಬರಲಿಲ್ಲ.

ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ ಒಂದು ಕಥೆಯಿದೆ. ಒಬ್ಬ ಆಳು ರಾಜನಿಗೆ ಹತ್ತು ಸಾವಿರ ತಲಾಂತು ಸಾಲಗಾರ. ರಾಜ ಕನಿಕರದಿಂದ ಎಲ್ಲವನ್ನೂ ಬಿಟ್ಟುಬಿಡುತ್ತಾನೆ. ಆ ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ಒಂದು ದಿನಾರಿ ಒಂದು ದಿನದ ಕೂಲಿ; ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಮಾಸ್ತರನಾದ ನಾನು ಲೆಕ್ಕ ಹಾಕಿದೆ. ಅವನಿಗೆ ಮಾಫ್ ಆದದ್ದು ಆರು ಕೋಟಿ ದಿನಗಳ ಕೂಲಿ, ಒಂದೂವರೆ ಲಕ್ಷ ವರ್ಷಗಳಿಗೂ ಮಿಕ್ಕಿದ ದುಡಿಮೆ. ಅವನು ಮಾಫ್ ಮಾಡದೆ ಹೋದದ್ದು ನೂರು ದಿನಗಳದ್ದು. ನೂರು ದಿನದ ಕೂಲಿ ಬಡವನಿಗೆ ಸಣ್ಣದೇನಲ್ಲ. ಅಪ್ಪನಿಗಾದ ಅವಮಾನವೂ ಸಣ್ಣದಲ್ಲ. ಅದನ್ನು ಸಣ್ಣದೆನ್ನು ಎಂದು ಕಥೆ ಹೇಳುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಲೆಕ್ಕವಿದೆ, ನೋಡು ಎನ್ನುತ್ತದೆ.

ಈ ಕಥೆಗೆ ಮೊದಲು ಪೇತ್ರ ಒಂದು ಪ್ರಶ್ನೆ ಕೇಳುತ್ತಾನೆ: ಎಷ್ಟು ಸಲ ಕ್ಷಮಿಸಬೇಕು, ಏಳು ಸಲವೇ? ಉತ್ತರ, ಎಪ್ಪತ್ತರ ಏಳರಷ್ಟು, ಅಂದರೆ 490. ಅಷ್ಟು ತಪ್ಪು ಯಾರು ಮಾಡುತ್ತಾರೆಂದು ಮೊದಲು ನಗು ಬಂತು. ಹೊಲಕ್ಕೆ ಹೋಗಿ ಬದು ಕಂಡಾಗಲೆಲ್ಲ ಸಿಟ್ಟು ಹೊಸದಾಗಿ ಏಳುತ್ತಿತ್ತು. ಆಗ ತಿಳಿಯಿತು, ತಪ್ಪು ಒಂದೇ ಇರಬಹುದು, ಮಾಫ್ ಮಾತ್ರ 490 ಸಲ ಬೇಕಾಗುತ್ತದೆ. ಹಾಗೆಂದು ಬಾಂದುಕಲ್ಲು ಕೀಳಬೇಕಿಲ್ಲ. ಕಲ್ಲು ನೆಲದಲ್ಲಿರಲಿ, ಎದೆಯಲ್ಲಿ ಬೇಡ.

ಮನಸ್ಸು ಬೆಳೆಯುವುದೂ ನಿಧಾನ. ಮಾರ್ಕನ ಸುವಾರ್ತೆಯ ರೈತ ಬಿತ್ತಿ ಮಲಗಿ ಏಳುತ್ತಾನೆ. ಮೊಳಕೆ ಹೇಗೆ ಬಂತೆಂದು ಅವನಿಗೇ ಗೊತ್ತಾಗುವುದಿಲ್ಲ. ತೊಗರಿಯ ನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಬಂತು, ಆದರೆ ತೊಗರಿಯ ಸ್ವಭಾವ ಹಳೆಯದೇ. ಬಿತ್ತಿದ ಮೊದಲ ತಿಂಗಳು ಗಿಡ ಗೇಣುದ್ದ ಏಳಲೂ ಬೇಸರ ಪಡುತ್ತದೆ. ಆಗ ಬೇರು ಕೆಳಗಿಳಿಯುತ್ತಿರುತ್ತದೆ. ಮುಂದೆ ಮಳೆ ಕೈಕೊಟ್ಟಾಗ ಗಿಡವನ್ನು ಉಳಿಸುವುದು ಆ ಬೇರೇ.

ಎರಡು ವರ್ಷದ ಹಿಂದೆ ಮಗ್ಗುಲ ಹೊಲದ ಯಜಮಾನರು ಎದುರಾದಾಗ “ಶರಣ್ರಿ ಕಾಕಾ” ಎಂದೆ. ಅವರು ಮುಖ ತಿರುಗಿಸಿದರು. ಮತ್ತೆ ಎಂದೆ, ಮತ್ತೆ ಎಂದೆ. ಈ ಸಲ ತೊಗರಿ ಹೂವಿಗೆ ಬಂದಾಗ ಅವರೇ ಬದುವಿನಾಚೆ ನಿಂತು, “ಹುಳ ಬಿದ್ದದೇನೋ?” ಎಂದು ಕೇಳಿದರು. ನಾನಿನ್ನೂ 490ಕ್ಕೆ ಬಂದಿರಲಿಲ್ಲ.